ಮೂರು ಊರಿಗೆ ಹಂಚಿಹೋದ ಸಂಸಾರ

ಕಳೆದ ತಿಂಗಳು ಮೊಮ್ಮಗಳ ಕಾರಿನಲ್ಲಿ ಬೆಳ್ತಂಗಡಿ ಕಡೆಗೆ ಹೋಗುವಾಗ ಮಡಂತ್ಯಾರಿನ ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ರಸ್ತೆ ಅಗಲ ಮಾಡುವ ಕೆಲಸ. ಮುಂದೆ ಒಂದು ಲಾರಿ ಅಡ್ಡ ನಿಂತಿತ್ತು. ಎಸಿ ಹಾಕಿದ್ದರೂ ನನಗೆ ಕಿಟಕಿ ಇಳಿಸುವ ಚಾಳಿ. ಇಳಿಸಿದೆ. ಧೂಳಿಗಿಂತ ಮೊದಲು ಒಳಗೆ ಬಂದದ್ದು ವಾಸನೆ: ಆಗಷ್ಟೇ ಓವನ್ನಿನಿಂದ ಹೊರಗೆ ತೆಗೆದ ಬ್ರೆಡ್ಡು, ತಗಡಿನ ಅಂಚಿಗೆ ಹಿಡಿದು ಕರಿಯಾದ ಸಕ್ಕರೆ. ಯಾವ ಅಂಗಡಿಯಿಂದ ಬಂತೋ ಕಾಣಲಿಲ್ಲ. ನಾನು ಕಣ್ಣು ಮುಚ್ಚಿದೆ.

"ಅಜ್ಜಿ, ತಲೆ ತಿರುಗ್ತದಾ?" ಎಂದಳು ಮೊಮ್ಮಗಳು.

"ನೋ, ಮೈ ಡಿಯರ್. ಸ್ವಲ್ಪ ಸುಮ್ಮನೆ ಇರು," ಎಂದೆ. ಅವಳು ಸುಮ್ಮನಿದ್ದಳು. ಒಳ್ಳೆಯ ಹುಡುಗಿ. ಲಾರಿ ಸರಿಯುವಷ್ಟು ಹೊತ್ತಿನಲ್ಲಿ ನನಗೆ ಹದಿಮೂರು ವಯಸ್ಸಾಗಿ, ಎರಡು ಜಡೆ ಬಂದು, ಇಡೀ ಒಂದು ವರ್ಷ ಹೋಗಿ ಬಂದದ್ದು ಅವಳಿಗೆ ಹೇಗೆ ಗೊತ್ತಾಗಬೇಕು?

ನಾವು ಕೊಲಂಬೊದಿಂದ ಊರಿಗೆ ವಾಪಸ್ ಬಂದ ವರ್ಷ ಅದು. ಆಗ ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು. ಅಪ್ಪ ಕೊಲಂಬೊದ ಒಂದು ದೊಡ್ಡ ಬೇಕರಿಯಲ್ಲಿ ಹೆಡ್ ಬೇಕರ್. ನಾನು ಅಲ್ಲಿಯ ಕಾನ್ವೆಂಟಿನಲ್ಲಿ ಓದುತ್ತಿದ್ದೆ. ತಂಗಿ ಪುಷ್ಪ ಇನ್ನೂ ಮಾತು ಕಲಿಯುತ್ತಿದ್ದ ಮಗು. ನಮ್ಮದು ಎರಡು ಕೋಣೆಯ ಮನೆ, ಹಿಂದೆ ರೈಲಿನ ಹಳಿ, ಹಳಿಯ ಆಚೆ ಸಮುದ್ರ. ಅಪ್ಪ ಬೆಳಿಗ್ಗೆ ಮೈಗೆಲ್ಲ ಮೈದಾ ಮೆತ್ತಿಕೊಂಡು ಬಾಗಿಲಲ್ಲಿ ನಿಂತರೆ ಅಮ್ಮ, "ಬಂತು ನೋಡು ಭೂತ," ಎಂದು ನಗುತ್ತಿದ್ದಳು. ಅವಳು ಒಬ್ಬಳೇ ಕೊಡೆ ಹಿಡಿದು ಮಾರ್ಕೆಟಿಗೆ ಹೋಗಿ, ಸಿಂಹಳದಲ್ಲಿ ಮೀನಿನವನ ಹತ್ತಿರ ಜಗಳ ಮಾಡಿ, ಗೆದ್ದು ಬರುವವಳು. ಆ ವರ್ಷ ಅಪ್ಪನ ರೆಸಿಡೆನ್ಸ್ ಪರ್ಮಿಟ್ ರಿನ್ಯೂ ಆಗಲಿಲ್ಲ. ಟ್ರಂಕು ಕಟ್ಟಿದೆವು. ಹಡಗು, ಆಮೇಲೆ ರೈಲು, ಮತ್ತೊಂದು ರೈಲು, ಕೊನೆಗೆ ಮಂಗಳೂರಿನಿಂದ ಬಸ್ಸು. ದಾರಿಯುದ್ದಕ್ಕೂ ಪುಷ್ಪ ಅಪ್ಪನ ಮಡಿಲಿನಲ್ಲೇ ಮಲಗಿದ್ದಳು.

ನಮ್ಮದು ಅಳಿಯಸಂತಾನದ ಕುಟುಂಬ. ಅಂದರೆ ಗಂಡ ಅವನ ತಾಯಿಯ ಮನೆಯವನು. ಹೆಂಡತಿ ಮತ್ತು ಮಕ್ಕಳು ಹೆಂಡತಿಯ ತಾಯಿಯ ಮನೆಯವರು. ಆ ಕಾಲಕ್ಕೇ ಕೆಲವರು ಬಿಟ್ಟಿದ್ದರು, ಕೆಲವರು ಬಿಟ್ಟಿರಲಿಲ್ಲ. ನಮ್ಮವರು ಬಿಟ್ಟಿರಲಿಲ್ಲ. ಕೊಲಂಬೊದಲ್ಲಿ ಇದೆಲ್ಲ ನಮಗೆ ಮರೆತೇ ಹೋಗಿತ್ತು. ಬಂಟ್ವಾಳದಲ್ಲಿ ಬಸ್ಸಿನ ಮಾಡಿನ ಮೇಲಿನಿಂದ ಟ್ರಂಕು ಇಳಿಸುವಾಗ, ನಮ್ಮನ್ನು ಕರೆದುಕೊಂಡು ಹೋಗಲು ಬಂದಿದ್ದ ಅಮ್ಮನ ಅಣ್ಣನ ಆಳು ಬಹಳ ಮರ್ಯಾದೆಯಿಂದ ಕೇಳಿದ: "ನರಿಕೊಂಬಿಗೆ ಹೋಗುವ ಟ್ರಂಕು ಯಾವುದು? ಮುಂಡಾಜೆಗೆ ಹೋಗುವುದು ಯಾವುದು?"

ಮುಂಡಾಜೆ ಅಪ್ಪನ ಕಡೆಯ ಮನೆ. ಅಪ್ಪ ಅಮ್ಮನ ಮುಖ ನೋಡಿದರು. ಅವರ ಷರಟುಗಳೂ ಅಮ್ಮನ ಸೀರೆಗಳೂ ಒಂದೇ ಟ್ರಂಕಿನಲ್ಲಿದ್ದವು.

ನರಿಕೊಂಬು ನೇತ್ರಾವತಿಯ ಆಚೆ ದಡ. ಅಮ್ಮನ ಮನೆ, ಹಾಗಾಗಿ ನನ್ನ ಮನೆಯೂ, ಅಲ್ಲಿ. ದೋಣಿಯಲ್ಲಿ ದಾಟಬೇಕು. ಬೇಸಿಗೆಯ ನದಿ ಎಷ್ಟು ತೆಳುವಾಗಿತ್ತೆಂದರೆ ದೋಣಿಯ ನೆರಳು ಕೆಳಗಿನ ಮರಳಿನ ಮೇಲೆ ನಮ್ಮ ಜೊತೆಗೇ ನಡೆದುಕೊಂಡು ಬರುತ್ತಿತ್ತು. ನನಗೆ ಇಂದಿಗೂ ಕನಸಿನಲ್ಲಿ ಬರುವುದು ಆ ನೆರಳು, ದೋಣಿ ಬರುವುದಿಲ್ಲ.

ಮನೆಯ ಯಜಮಾನ ಅಮ್ಮನ ಅಣ್ಣ, ನನ್ನ ಮಾವ. ದೊಡ್ಡ ದನಿ, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಮನಸ್ಸು. ಅಪ್ಪನಿಗೆ ಅಲ್ಲಿ ರಾಜಮರ್ಯಾದೆ. ಅದೇ ಕಷ್ಟವಾದದ್ದು. ಅಪ್ಪ ಒಂದು ಕೊಡಪಾನ ನೀರು ಎತ್ತಿದರೆ ಯಾರೋ ಓಡಿಬಂದು ಕಿತ್ತುಕೊಳ್ಳುತ್ತಿದ್ದರು. "ಛೆ, ಬಾವ, ನೀವು ಕೂತುಕೊಳ್ಳಿ!" ಊಟಕ್ಕೆ ಮೊದಲ ಎಲೆ ಅವರಿಗೆ. ಮನೆಯ ಮುಂದಿನ ಚಾವಡಿಯಲ್ಲಿ ಅವರಿಗೆ ಬೇರೆ ಹಾಸಿಗೆ. ಮಗಳನ್ನು ಕೂರಿಸಿಕೊಂಡು ಮಾತಾಡಬೇಕೆಂದರೂ ಯಾರಾದರೂ ಎಲೆಯಡಿಕೆ ತಟ್ಟೆ ತಂದು ಎದುರು ಇಡುತ್ತಿದ್ದರು. ಮುಂಡಾಜೆಯಲ್ಲಿ ಅವರ ತಂಗಿಯ ಮನೆ. ಅಲ್ಲಿ ಗದ್ದೆ, ತೋಟ ಎಲ್ಲ ಸೋದರಳಿಯಂದಿರು ನೋಡಿಕೊಳ್ಳುತ್ತಿದ್ದರು. ಅಲ್ಲಿಯೂ ಅವರಿಗೆ ಕೂತುಕೊಳ್ಳುವುದೇ ಕೆಲಸ. ಅಳಿಯನಾಗಿ ಹತ್ತು ದಿನ ಇಲ್ಲಿ, ಅಣ್ಣನಾಗಿ ಹದಿನೈದು ದಿನ ಅಲ್ಲಿ. ಬಂಟ್ವಾಳ ಪೇಟೆಯಲ್ಲಿ ಸಿಕ್ಕಿದವರೆಲ್ಲ ಒಂದೇ ಉಸಿರಿನಲ್ಲಿ ಕೇಳುವುದು: "ಯಾವಾಗ ಬಂದದ್ದು? ಯಾವಾಗ ಹೋಗುವುದು?" ಪರದೇಶಕ್ಕೆ ಹೋದವರನ್ನು ಕೇಳುವ ಮಾಮೂಲು ಕುಶಲಪ್ರಶ್ನೆ ಅದು, ಬೇರೆ ಅರ್ಥ ಇಲ್ಲ. ಅಪ್ಪ "ನೋಡುವ, ನೋಡುವ," ಎಂದು ನಕ್ಕು ಬೇಗ ಬೇಗ ನಡೆಯುತ್ತಿದ್ದರು.

ಒಂದು ದಿನ ಅವರಿಗೆ ತಡೆಯಲಾಗಲಿಲ್ಲ. ಅಂಗಳದ ಮೂಲೆಯಲ್ಲಿ ಕಲ್ಲು, ಮಣ್ಣು, ಸೀಮೆಎಣ್ಣೆ ಡಬ್ಬಿ ಸೇರಿಸಿ ಒಂದು ಗಿಡ್ಡ ಓವನ್ ಕಟ್ಟಿದರು. ಕೊಲಂಬೊದಲ್ಲಿ ಹಿಟ್ಟು ಉಬ್ಬಿಸಲು ಅವರು ಕಳ್ಳು ಹಾಕುತ್ತಿದ್ದರಂತೆ. ನಮ್ಮ ಜಿಲ್ಲೆಯಲ್ಲಿ ಆಗ ಕಳ್ಳು ಬಂದ್, ಮದ್ರಾಸ್ ಸರಕಾರದ ಪ್ರಾಹಿಬಿಷನ್. ಮಾವ, "ಈ ಮನೆಗೆ ಪೊಲೀಸು ಬರುವುದೊಂದು ಬಾಕಿ ಉಂಟು ಬಾವ," ಎಂದರು. ಅಪ್ಪ ಅಡಿಗೆಮನೆಯಿಂದ ಒಂದು ಸೌಟು ಇಡ್ಲಿ ಹಿಟ್ಟು ತರಿಸಿ ಮೈದಾಕ್ಕೆ ಕಲಸಿಬಿಟ್ಟರು. ಬ್ರೆಡ್ ಬಂತು. ಮೇಲೆ ಬಣ್ಣ ಚಿನ್ನದ ಹಾಗೆ. ಒಳಗೆ ಹುಳಿ, ಕಲ್ಲು. ಮನೆಯವರೆಲ್ಲ ಸುತ್ತ ನಿಂತು ನೋಡಿದರು. ಮೊದಲು ಮಾತಾಡಿದ್ದು ತನ್ನ ತಾಯಿಮನೆಯಿಂದ ಬಂದಿದ್ದ ಮಾವನ ಹೆಂಡತಿ, ಮಾಮಿ.

"ಯಾರಿಗೆ ಜ್ವರ?" ಎಂದು ಕೇಳಿದಳು.

ಅವಳದ್ದೇನೂ ಕುಹಕ ಅಲ್ಲ. ನಮ್ಮ ಕಡೆ ಆಗ ಬ್ರೆಡ್ ಎಂದರೆ ಜ್ವರದವರ ಪಥ್ಯ. ಮಂಗಳೂರಿನಿಂದ ತರಿಸಿ, ಬಿಸಿ ನೀರಿನಲ್ಲಿ ಅದ್ದಿ, ರೋಗಿಗೆ ಕೊಡುವುದು. ಆರೋಗ್ಯ ಇದ್ದವರು ಯಾರಾದರೂ ಬ್ರೆಡ್ ತಿಂದರೆ ಅಪಶಕುನದ ಹಾಗೆ. ಮಾಮಿ ಒಂದು ಚೂರು ಬಾಯಿಗೆ ಹಾಕಿ ಜಗಿದು ಜಗಿದು, "ಇದಕ್ಕೆ ಚಟ್ನಿ ಅರೆಯುವುದಾ, ಕಷಾಯ ಕುದಿಸುವುದಾ ಬಾವ?" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಅಪ್ಪ. ಅಮ್ಮ ನಗಲಿಲ್ಲ. ಅವಳು ಕಂಬದ ಹಿಂದೆ ನಿಂತು ತನ್ನ ಪಾಲಿನ ತುಂಡನ್ನು ಪೂರ್ತಿ ತಿಂದದ್ದನ್ನು ನಾನು ನೋಡಿದೆ.

ಜೂನಿನಲ್ಲಿ ನನ್ನನ್ನು ಮೂಡಬಿದ್ರಿಯ ಬೋರ್ಡಿಂಗಿಗೆ ಹಾಕಿದರು. ಅಲ್ಲಿಗೆ ಪೂರ್ತಿಯಾಯಿತು: ಅಮ್ಮ ಮತ್ತು ಪುಷ್ಪ ಬಂಟ್ವಾಳದ ಹತ್ತಿರ, ಅಪ್ಪ ಬೆಳ್ತಂಗಡಿಯಿಂದ ಆಚೆ, ನಾನು ಮೂಡಬಿದ್ರಿಯಲ್ಲಿ. ಭೂಪಟದಲ್ಲಿ ಗೆರೆ ಎಳೆದರೆ ಒಂದು ಟ್ರಯಾಂಗಲ್. ಜಿಯಾಮೆಟ್ರಿ ಪುಸ್ತಕದ ಹಿಂದೆ ನಾನು ಅದನ್ನು ಎಷ್ಟೋ ಸಲ ಎಳೆದದ್ದುಂಟು.

ಬೋರ್ಡಿಂಗ್ ನನಗೆ ಬೇಸರ ತರಿಸಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಭಾನುವಾರ ನಮ್ಮನ್ನು ಸಾಲಾಗಿ ನಿಲ್ಲಿಸಿ ವಾಕ್ ಕರೆದುಕೊಂಡು ಹೋಗುತ್ತಿದ್ದರು. ಮಳೆ ಬಿಟ್ಟ ಸಂಜೆ ಬಸದಿಯ ಕಲ್ಲಿನ ಕಂಬಗಳಿಂದ ಹಬೆ ಏಳುತ್ತಿತ್ತು, ಯಾರೋ ಒಳಗೆ ಅನ್ನ ಬೇಯಿಸುತ್ತಿದ್ದಾರೇನೋ ಎಂಬ ಹಾಗೆ. ನಾನು ಕನ್ನಡ ಅಕ್ಷರ ಕಲಿತದ್ದೇ ಅಲ್ಲಿ. ನನ್ನ ಇಂಗ್ಲಿಷ್ ಕೇಳಿ ಬೆರಗಾಗುತ್ತಿದ್ದ ಹುಡುಗಿಯರು ನನ್ನ ಕನ್ನಡ ಕೇಳಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಈ ಪಾಡಿನಲ್ಲಿ ನನಗೆ ಜೊತೆಯಾದವರು ಸಿಸ್ಟರ್ ಬೆನಿಟಾ. ಗೋವಾ ಕಡೆಯವರು, ಆ ವರ್ಷವೇ ಬಂದವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ತುಳು ಒಂದಕ್ಷರ ತಿಳಿಯದು. ಅವರಿಗೆ ಅತಿ ದೊಡ್ಡ ತಲೆನೋವು ನಮ್ಮ ಅಪ್ಪ-ಅಮ್ಮಂದಿರು. ಕನ್ನಡದಲ್ಲಿ ಅಪ್ಪ ಗಂಡಸು, ಅಮ್ಮ ಹೆಂಗಸು. ತುಳುವಿನಲ್ಲಿ ಸರಿ ಉಲ್ಟಾ: ತಾಯಿಗೆ 'ಅಪ್ಪೆ', ತಂದೆಗೆ 'ಅಮ್ಮೆ'. ಒಂದನೇ ಕ್ಲಾಸಿನ ಮಗುವೊಂದು, "ನನ್ನ ಅಮ್ಮೆಯ ಮೀಸೆ ಇಷ್ಟುದ್ದ ಉಂಟು," ಎಂದಾಗ ಸಿಸ್ಟರ್ ಶಿಲುಬೆಯ ಗುರುತು ಹಾಕಿಕೊಂಡರಂತೆ. ನಾನು ಅವರಿಗೆ ಬಿಡಿಸಿ ಹೇಳಿದೆ. "ಓ ಐ ಸೀ, ಐ ಸೀ," ಎಂದರು. ಮಾರನೇ ದಿನಕ್ಕೆ ಮರೆತರು.

ದೀಪಾವಳಿ ರಜೆಗೆ ನರಿಕೊಂಬಿಗೆ ಹೋದೆ. ಅಪ್ಪನೂ ಬಂದರು. ಅಷ್ಟರಲ್ಲಿ ಅವರು ತೆಳ್ಳಗಾಗಿದ್ದರು, ಆದರೆ ಮುಖದಲ್ಲಿ ಏನೋ ಬೆಳಕು. ಊಟ ಮುಗಿದು ಎಲ್ಲರೂ ಚಾವಡಿಯಲ್ಲಿ ಕೂತಾಗ ವಿಷಯ ತೆಗೆದರು. ಮಡಂತ್ಯಾರಿನಲ್ಲಿ ರಸ್ತೆಗೆ ಮುಖ ಮಾಡಿ ಒಂದು ಕೋಣೆ ಖಾಲಿ ಉಂಟು. ಬಂಟ್ವಾಳದಿಂದ ಹೋಗುವ ಬಸ್ಸು, ಬೆಳ್ತಂಗಡಿಯಿಂದ ಬರುವ ಬಸ್ಸು, ಎರಡೂ ಎದುರಿಗೇ ನಿಲ್ಲುತ್ತವೆ. ಬೇಕರಿ ಇಡಬಹುದು.

ಮಾವ ಎಲೆಗೆ ಸುಣ್ಣ ಹಚ್ಚುತ್ತಾ, "ಬೇಕರಿ! ಅಷ್ಟು ಜನಕ್ಕೆ ಜ್ವರ ಎಲ್ಲಿಂದ ತರಿಸುವುದು ಮಾರಾಯ್ರೆ?" ಎಂದರು.

ಚಾವಡಿಯೇ ನಕ್ಕಿತು. ನಗು ನಿಂತ ಮೇಲೆ ಅಪ್ಪ ಮೆಲ್ಲಗೆ, "ಹಿಂದೆ ಇನ್ನೂ ಒಂದು ಕೋಣೆ ಉಂಟು. ಬಾವಿ ಉಂಟು. ಇವಳನ್ನೂ ಮಕ್ಕಳನ್ನೂ ಅಲ್ಲಿಗೆ ಕರೆದುಕೊಂಡು ಹೋಗುವ ಎಂದು ನನ್ನ ಮನಸ್ಸು," ಎಂದರು.

ಮಾವನ ಕೈ ನಿಂತಿತು. "ಬೇಕರಿ ಇಡಿ ಬಾವ. ನನ್ನಿಂದ ಆಗುವ ಸಹಾಯ ಮಾಡ್ತೇನೆ. ಆದರೆ ಈ ಮನೆಯ ಹೆಣ್ಣು ಅಂಗಡಿಯ ಹಿಂದೆ ಬಾಡಿಗೆ ಕೋಣೆಯಲ್ಲಿ ಕೂರುವುದಾ? ಅವಳಿಗೆ ಇಲ್ಲಿ ಏನು ಕಡಿಮೆ ಆಗಿದೆ?"

"ಕಡಿಮೆ ಏನೂ ಇಲ್ಲ," ಎಂದರು ಅಪ್ಪ. "ಅದಕ್ಕಲ್ಲ."

"ಮತ್ತೆ ಯಾಕೆ?"

ಒಬ್ಬ ಗಂಡಸು ಹತ್ತು ಜನರೆದುರು, ನನಗೆ ಹೆಂಡತಿ ಮಕ್ಕಳ ಜೊತೆ ಇರಬೇಕು, ಎಂದು ಹೇಳುವ ಕಾಲ ಅಲ್ಲ ಅದು. ಮಾವ ಬಾಗಿಲ ಕಡೆ ತಿರುಗಿದರು. "ನೀನೇ ಹೇಳು ಸುಂದರಿ. ನಿನಗೆ ಹೋಗುವ ಮನಸ್ಸು ಉಂಟಾ?"

ಎಲ್ಲರೂ ಅಮ್ಮನನ್ನು ನೋಡಿದರು. ಅಮ್ಮ ನೆಲ ನೋಡಿದಳು. "ಅಣ್ಣ ಹೇಳಿದ ಹಾಗೆ," ಎಂದಳು.

ಅಪ್ಪ ಕೊಡೆ ತೆಗೆದುಕೊಂಡು ಎದ್ದರು. ಸಂಜೆಯ ದೋಣಿಗೆ ಹೊರಟೇಬಿಟ್ಟರು. ನಾನು ಮೆಟ್ಟಿಲ ತನಕ ಓಡಿದೆ. ಅವರು ನನ್ನ ತಲೆ ಸವರಿದರು. ಆ ರಜೆ ಪೂರ್ತಿ ನಾನು ಅಮ್ಮನ ಜೊತೆ ಮಾತು ಬಿಟ್ಟಿದ್ದೆ. ಕೊನೆಗೆ ಬಾವಿಕಟ್ಟೆಯಲ್ಲಿ ಜಗಳಕ್ಕೇ ನಿಂತೆ. ಸಿಟ್ಟು ಬಂದರೆ ನನಗೆ ಬರುವುದು ಇಂಗ್ಲಿಷೇ: "ವೈ ಡಿಡ್ ಯು ಸೇ ದ್ಯಾಟ್?"

ಅಮ್ಮ ಹಗ್ಗ ಬಿಡಲಿಲ್ಲ, ಕೊಡಪಾನ ಎಳೆಯುತ್ತಲೇ ಹೇಳಿದಳು: "ಕೊಲಂಬೊದಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ ಮಗಾ. ಬೇಕಾದದ್ದು ಮಾಡುತ್ತಿದ್ದೆ, ಆಯಿತು. ಇಲ್ಲಿ ಅಷ್ಟು ಜನರ ಎದುರು ಕೇಳಿದರೆ ಬಾಯಿಗೆ ಬರುವುದು ಅದೊಂದೇ ಮಾತು. ನನಗೂ ಗೊತ್ತಾಗಲಿಲ್ಲ ಅದು ಬಂದದ್ದು."

ಅದಾದ ಮೇಲೆ ಅಪ್ಪ ನರಿಕೊಂಬಿಗೆ ಬರಲಿಲ್ಲ. ಗದ್ದೆ ಕೊಯ್ಲಾಯಿತು. ಬೆಳಿಗ್ಗೆ ಮೂಡಬಿದ್ರಿಯ ಮೇಲೆ ಹಾಲಿನ ಹಾಗೆ ಮಂಜು ಕೂರುವ ಕಾಲ ಬಂತು. ಬೋರ್ಡಿಂಗಿನ ಗಂಟೆಯ ಸದ್ದು ಅದರೊಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಾಗೆ ಕೇಳುತ್ತಿತ್ತು. ಅಂಥ ಒಂದು ಬೆಳಿಗ್ಗೆ ವೇಣೂರು ದಾರಿಯ ಬಸ್ಸಿನ ಕಂಡಕ್ಟರ್ ಗೇಟಿನಲ್ಲಿ ನಿಂತು ಸಿಸ್ಟರ್ ಬೆನಿಟಾರಿಗೆ ಏನೋ ಹೇಳಿ ಹೋದ. ಆಗೆಲ್ಲ ಸುದ್ದಿ ಮುಟ್ಟಿಸುವವರು ಕಂಡಕ್ಟರುಗಳೇ. ಸಿಸ್ಟರ್ ಕ್ಲಾಸಿಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಮೈ ಚೈಲ್ಡ್, ಯುವರ್ ಮದರ್ ಈಸ್ ವೆರಿ ಇಲ್. ಹೈ ಫೀವರ್."

ಅವರೇ ನನ್ನನ್ನು ಸಿದ್ಧಕಟ್ಟೆ ಮೇಲಿನಿಂದ ಹೋಗುವ ಬಂಟ್ವಾಳ ಬಸ್ಸು ಹತ್ತಿಸಿದರು. ದಾರಿಯಲ್ಲಿ ನಾನು ಎಷ್ಟು ಹರಕೆ ಹೊತ್ತೆನೋ! ಮೇರಿಯಮ್ಮನಿಗೂ ಹೊತ್ತೆ, ನಮ್ಮ ಮನೆಯ ದೈವಕ್ಕೂ ಹೊತ್ತೆ, ಯಾರ ಕಿವಿಗೆ ಬೀಳುತ್ತದೋ ಬೀಳಲಿ ಎಂದು. ಮಾತು ಬಿಟ್ಟ ಆ ರಜೆಯ ಒಂದೊಂದು ದಿನವೂ ನೆನಪಾಗುತ್ತಿತ್ತು. ದೋಣಿ ದಾಟಿ, ಗದ್ದೆಯ ಬದುವಿನ ಮೇಲೆ ಓಡಿ, ಅಂಗಳಕ್ಕೆ ಬಂದು ನಿಂತರೆ ಅಮ್ಮ ಬಿಸಿಲಿನಲ್ಲಿ ಬೇಯಿಸಿದ ಭತ್ತ ಹರವುತ್ತಿದ್ದಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ನೀನು! ಏನಾಯಿತು? ರಜೆ ಇಲ್ಲವಲ್ಲ?"

"ನಿನಗೆ ಜ್ವರ ಅಂತ..." ಎನ್ನುವಷ್ಟರಲ್ಲಿ ನನಗೆ ಅಳು.

"ನನಗಾ? ನನಗೆ ಯಾವ ಜ್ವರ?" ಅಮ್ಮ ನಗುತ್ತಾ ನನ್ನ ಕಣ್ಣು ಒರೆಸಿದಳು. ಆಮೇಲೆ ಅವಳ ಕೈ ನಿಂತಿತು. "ಸುದ್ದಿ ತಂದದ್ದು ಯಾರು?"

"ಕಂಡಕ್ಟರ್. ಸಿಸ್ಟರ್ ಬೆನಿಟಾ ಹತ್ತಿರ ಹೇಳಿದ್ದು."

"ಯಾವ ಬಸ್ಸಿನವನು?"

"ವೇಣೂರು ಬಸ್ಸು."

ವೇಣೂರು ಬಸ್ಸು ಬರುವುದು ಬೆಳ್ತಂಗಡಿ ಕಡೆಯಿಂದ. ಬಂಟ್ವಾಳದ ಸುದ್ದಿ ಅದರಲ್ಲಿ ಬರಲಿಕ್ಕೆ ದಾರಿಯೇ ಇಲ್ಲ. ಅಮ್ಮ ಭತ್ತದ ಮಧ್ಯೆ ನಿಂತು ಅದನ್ನೇ ಯೋಚಿಸಿದಳು. ಅವಳ ತುಟಿ ಅಲುಗುವುದು ಕಾಣುತ್ತಿತ್ತು. "ಆ ಸಿಸ್ಟರಿಗೆ ತುಳು ಬರುವುದಿಲ್ಲ ಎಂದಿದ್ದೆಯಲ್ಲ," ಎಂದಳು. "ಕಂಡಕ್ಟರ್ ಹೇಳಿದ್ದು ಅಮ್ಮೆ ಎಂದು. ಅವರು ಕೇಳಿದ್ದು ಅಮ್ಮ ಎಂದು."

ಜ್ವರ ಬಂದದ್ದು ಅಪ್ಪನಿಗೆ. ನರಿಕೊಂಬಿಗೆ ಹೇಳಿ ಕಳಿಸಕೂಡದು ಎಂದು ಅವರು ಹಟ ಹಿಡಿದದ್ದರಿಂದ ಅಪ್ಪನ ತಂಗಿ, ನನ್ನ ಅತ್ತೆ, ಗುಟ್ಟಾಗಿ ನನಗೆ ಹೇಳಿ ಕಳಿಸಿದ್ದಳು ಎಂಬುದು ಆಮೇಲೆ ತಿಳಿಯಿತು. ಸಿಸ್ಟರಿಗೆ ಸರಿಯಾಗಿ ಅರ್ಥವಾಗಿದ್ದರೆ ನಾನು ಅದೇ ವೇಣೂರು ಬಸ್ಸಿನಲ್ಲಿ ಮುಂಡಾಜೆಗೆ ಹೋಗುತ್ತಿದ್ದೆ, ಅಮ್ಮನಿಗೆ ಗೊತ್ತೇ ಆಗುತ್ತಿರಲಿಲ್ಲ. ಗಾಡ್ ಬ್ಲೆಸ್ ಹರ್.

ಅಮ್ಮ ಒಳಗೆ ಹೋದಳು. ಹೊರಗೆ ಬಂದಾಗ ಸೀರೆ ಬದಲಾಗಿತ್ತು, ಸೊಂಟದ ಮೇಲೆ ಪುಷ್ಪ, ಕೈಯಲ್ಲಿ ಕೊಲಂಬೊದ ಕೊಡೆ. ಮಾವ ಚಾವಡಿಯಿಂದ ಇಳಿದು ಬಂದರು.

"ಅವಸರ ಬೇಡ ಸುಂದರಿ. ನಾಳೆ ಬೆಳಿಗ್ಗೆ ಆಳು ಕಳಿಸಿ ವಿಚಾರಿಸುವ."

"ದೋಣಿ ಹೊರಡ್ತದೆ ಅಣ್ಣ."

"ಜೊತೆಗೆ ಗಂಡಸರು ಯಾರಾದರೂ..."

"ಇವಳು ಇದ್ದಾಳೆ. ಇಂಗ್ಲಿಷ್ ಬರ್ತದೆ."

ಮಾವ ಸಣ್ಣಗೆ ನಕ್ಕರು. ಆಮೇಲೆ ಅವರ ಕಣ್ಣು ಪುಷ್ಪನ ಮೇಲೆ ನಿಂತಿತು. ಕಾಯಿಲೆಯವರನ್ನು ನೋಡಿ ಬರಲು ಹೋಗುವವರು ಎಳೆಯ ಮಗುವನ್ನು ಎತ್ತಿಕೊಂಡು ಹೋಗುವುದಿಲ್ಲ. ಅವರಿಗೆ ಅದು ಅರ್ಥವಾಯಿತು ಎಂದು ನನಗೆ ಈಗ ಅನಿಸುತ್ತದೆ. ದಾರಿ ಬಿಟ್ಟು ನಿಂತರು. ನಾವು ಬದು ದಾಟುವಾಗ ಹಿಂದಿನಿಂದ ಆ ದೊಡ್ಡ ದನಿ ಬಂತು: "ಬಿಸಿಲಿಗೆ ಮಗುವಿನ ತಲೆ ಮುಚ್ಚು!"

ಬಸ್ಸಿನಲ್ಲಿ ಅಮ್ಮ ಕಿಟಕಿಯ ಹತ್ತಿರ ಕೂತಳು. ಹೊರಗೆ ಬರೇ ಬಿಸಿಲು, ಕೊಯ್ದ ಗದ್ದೆ, ಮಧ್ಯೆ ಮಧ್ಯೆ ಬಿಳಿ ಕೊಕ್ಕರೆ. ಮಡಂತ್ಯಾರಿನಲ್ಲಿ ಬಸ್ಸು ನಿಂತಾಗ ಎದುರಿಗೆ ಹಲಗೆ ಹಾಕಿ ಮುಚ್ಚಿದ್ದ ಒಂದು ಅಂಗಡಿಕೋಣೆ ಕಾಣಿಸಿತು. ಕೆಂಪು ಧೂಳು ಹಲಗೆಗಳ ಮೇಲೆ ಮೊಣಕಾಲೆತ್ತರಕ್ಕೆ ಹಿಡಿದಿತ್ತು. ಜಗಲಿಯಲ್ಲಿ ಒಂದು ಬೆಕ್ಕು ಮಲಗಿತ್ತು. ಅಮ್ಮ ನೋಡುತ್ತಲೇ ಇದ್ದಳು. ಬಸ್ಸು ಹೊರಟ ಮೇಲೂ ಕುತ್ತಿಗೆ ತಿರುಗಿಸಿ ನೋಡಿದಳು. ಪುಷ್ಪನಿಗೆ ನಿದ್ದೆ ಬಂದಿತ್ತು. ನಾನೂ ಅರ್ಧ ನಿದ್ದೆಯಲ್ಲಿ ಉಜಿರೆ ದಾಟಿದ್ದು ಕಂಡೆ, ದೂರದ ಘಟ್ಟ ನೀಲಿಯಾಗಿ ಹತ್ತಿರ ಬರುತ್ತಿದ್ದದ್ದು ಕಂಡೆ.

ಮುಂಡಾಜೆಯ ಮನೆಯಲ್ಲಿ ಅತ್ತೆ ನಮ್ಮನ್ನು ಕಂಡು ಬೆಚ್ಚಿದಳು. "ಅಯ್ಯೋ ಅತ್ತಿಗೆ! ನೀವೇ ಬಂದಿರಾ? ಹೇಳಿದ್ದರೆ ಬಸ್ಸಿನ ಹತ್ತಿರ ಗಾಡಿ ಕಳಿಸ್ತಿದ್ದೆವು." ಅಮ್ಮ, "ಜ್ವರ ಎಷ್ಟು ದಿನದಿಂದ?" ಎಂದಷ್ಟೇ ಕೇಳಿದಳು.

"ಚಳಿಜ್ವರ ಅತ್ತಿಗೆ, ಬಿಟ್ಟು ಬಿಟ್ಟು ಬರ್ತದೆ. ಡಾಕ್ಟ್ರು ಕ್ವಿನೈನ್ ಕೊಟ್ಟಿದ್ದಾರೆ, ಇವತ್ತು ಇಳಿದಿದೆ. ಆದರೆ ಈ ಅಣ್ಣನ ಹಟ ಇಳಿಯುವುದಿಲ್ಲ. ಜ್ವರದ ಬಾಯಿಗೆ ಆಗಲಿ ಎಂದು ಬೆಳ್ತಂಗಡಿಯಿಂದ ಬ್ರೆಡ್ ತರಿಸಿದರೆ ಮೂಸಿ ನೋಡಿ ಬದಿಗಿಟ್ಟ! ಮಾಡಿದವನಿಗೆ ಕೆಲಸ ಗೊತ್ತಿಲ್ಲವಂತೆ, ಮರದ ಹುಡಿಯ ಹಾಗೆ ಉಂಟಂತೆ. ಜ್ವರದಲ್ಲಿಯೂ ಇಷ್ಟು ಜಂಬ ಇರುವವರನ್ನು ನಾನು ಕಂಡದ್ದಿಲ್ಲ!"

ಅಪ್ಪ ಚಾವಡಿಯ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಗಡ್ಡ ಬಂದಿತ್ತು, ಕಣ್ಣು ಒಳಗೆ ಹೋಗಿತ್ತು. ಪುಷ್ಪ ಅವರ ಗುರುತು ಹಿಡಿಯದೆ ಅಮ್ಮನ ಕುತ್ತಿಗೆಗೆ ಮುಖ ಒತ್ತಿಕೊಂಡಳು.

"ಯಾರ ಜೊತೆ ಬಂದದ್ದು?" ಎಂದರು ಅಪ್ಪ.

"ಯಾರ ಜೊತೆಯೂ ಇಲ್ಲ. ಬಸ್ಸಿನಲ್ಲಿ."

"ನಿನ್ನ ಅಣ್ಣನನ್ನು ಕೇಳಿದೆಯಾ?"

"ಇಲ್ಲ."

ಅಮ್ಮ ಅವರ ಕಾಲ ಬಳಿ ಚಾಪೆಯ ಅಂಚಿನಲ್ಲಿ ಕೂತಳು. ಅತ್ತೆ, ಅವಳ ಮಕ್ಕಳು, ನೋಡಲು ಬಂದಿದ್ದ ನೆರೆಮನೆಯವರು, ಎಲ್ಲರೂ ಸುತ್ತ ನಿಂತಿದ್ದರು, ಚಾವಡಿ ತುಂಬಿತ್ತು. ಅಮ್ಮ ಈ ಸಲ ನೆಲ ನೋಡಲಿಲ್ಲ.

"ಮಡಂತ್ಯಾರಿನ ಆ ಕೋಣೆ ಇನ್ನೂ ಖಾಲಿ ಉಂಟಾ?" ಎಂದು ಕೇಳಿದಳು.

ಅಪ್ಪ ಕಂಬಳಿ ಸರಿಸಿ ಮೊಣಕೈ ಊರಿ ಎದ್ದರು. "ಖಾಲಿ ಉಂಟು. ಆದರೆ ಸುಂದರಿ, ನಾನು ಅವತ್ತು ಚಾವಡಿಯಲ್ಲಿ ಪೂರ್ತಿ ಹೇಳಿರಲಿಲ್ಲ. ಹಿಂದಿನ ಕೋಣೆಯ ಮಾಡು ಸರಿ ಇಲ್ಲ. ಮಳೆಗಾಲದಲ್ಲಿ ಸೋರ್ತದೆ."

"ಸೋರಲಿ," ಎಂದಳು ಅಮ್ಮ, ಪುಷ್ಪನನ್ನು ಅವರ ಪಕ್ಕದಲ್ಲಿ ಮಲಗಿಸುತ್ತಾ. "ನಾಲ್ಕು ಜನ ಒಂದೇ ಕಡೆ ಒದ್ದೆಯಾಗುವ."